ಧಾನ್ಯವು ಒಲೆಯವರೆಗೆ ತಲುಪತಕ್ಕ ಬಗೆ

ರಾಗಿ ಬೆಳೆಯುವ ಮೈಸೂರು ಸೀಮೆಯ ಗ್ರಾಮಗಳಲ್ಲಿ ಧಾನ್ಯವನ್ನು ಹಗೇವುಗಳಲ್ಲಿ ತುಂಬಿಡುವ ಪದ್ಧತಿಯಿದ್ದಿತು. ರಾಗಿಗೆ ಹುಳು ಸುಲಭವಾಗಿ ಹತ್ತದಾದುದರಿಂದ ಅದು ನೆಲದೊಳಗೆ ಅನೇಕ ವರ್ಷ ಕೆಡದೆ ಉಳಿಯುತ್ತಿದ್ದಿತು. ಆದರೆ ಹಗೇವು ಜಮೀನುಳ್ಳವರದು. ಕೂಲಿಯಿಂದ ಜೀವಿಸುವವರಿಗೆ ಆ ಆಸರೆಯಿರಲಿಲ್ಲ.

1876–78ರ ಧಾತು ಈಶ್ವರ ಕ್ಷಾಮದ ಪರಿಣಾಮವನ್ನು ಖಾನೇಷುಮಾರಿಯ ಲೆಕ್ಕವೇ ತಿಳಿಸುತ್ತದೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಮದರಾಸಿನಿಂದ ಬೆಂಗಳೂರಿನವರೆಗೆ ರೈಲುದಾರಿಯೇನೋ ಇದ್ದಿತು. ಅಲ್ಲಿಂದ ಮುಂದಕ್ಕೆ ಧಾನ್ಯವನ್ನು ಗಾಡಿಗಳಲ್ಲಿ ಸಾಗಿಸಬೇಕಾಗಿದ್ದು, ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದುವು. ಧಾನ್ಯವು ನಾಡಿಗೆ ಬಂದರೆ ಸಾಲದು, ಒಲೆಯವರೆಗೆ ಬರಬೇಕೆಂಬುದೇ ಆ ಕ್ಷಾಮದ ಪಾಠ.

ಈಗ 2013ನೆಯ ಇಸವಿಯ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋಗ್ರಾಂ, ಅಂತ್ಯೋದಯ ಕುಟುಂಬವೊಂದಕ್ಕೆ 35 ಕಿಲೋಗ್ರಾಂ ಧಾನ್ಯವು ಹಕ್ಕಾಗಿ ಸಲ್ಲತಕ್ಕದ್ದು. 2023ರ ಜನವರಿಯಿಂದ ಇದಕ್ಕೆ ಬೆಲೆಯಿಲ್ಲ. ಆದರೂ ಕೆಲವರು ಬರಿಗೈಯಲ್ಲಿ ಹಿಂದಿರುಗುವುದುಂಟು. ಹಳೆಯ ರಾಗಿ ತೀರಿ ಹೊಸದು ಬಾರದಿರುವ ಶ್ರಾವಣ ಭಾದ್ರಪದಗಳಲ್ಲಿ ಒಂದು ತಿಂಗಳ ಪಡಿತರ ತಪ್ಪಿದರೂ ಅಂಥವರು ಸಾಲಕ್ಕೆ ಬೀಳುವರು. ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಆಷಾಢಕ್ಕೆ ಮೊದಲೇ ಈ ಕೆಳಗಿನ ವಿಷಯಗಳಲ್ಲಿ ಗಮನವಿಡತಕ್ಕದ್ದು:

1. ಕೇರಿ ಕೇರಿಗೂ ಹೋಗಿ, ಮದುವೆಯಾಗಿ ಬಂದ ಸೊಸೆಯರ ಮತ್ತು ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಚೀಟಿಗೆ ಸೇರಿದೆಯೋ ಎಂದು ವಿಚಾರಿಸುವುದು.

2. ಮಣ್ಣು ಕೆಲಸದಿಂದ ಬೆರಳು ಸವೆದವರಿಗೆ ಯಂತ್ರದಲ್ಲಿ ಗುರುತು ಮೂಡದಿರಬಹುದು. ಈ ಒಂದೇ ಕಾರಣದಿಂದ ಅರ್ಹರಿಗೆ ಧಾನ್ಯವನ್ನು ನಿರಾಕರಿಸಕೂಡದೆಂದು ಕೇಂದ್ರ ಸರ್ಕಾರವು 2017ರಲ್ಲಿಯೇ ಸೂಚಿಸಿದೆ. ಇದನ್ನು ಅಂಗಡಿಯವರಿಗೂ ಚೀಟಿದಾರರಿಗೂ ತಿಳಿಸುವುದು.

3. ಕೂಲಿಗಾಗಿ ಪರಸ್ಥಳಕ್ಕೆ ಹೋಗುವವರಿಗೆ ಅದೇ ಚೀಟಿಯಿಂದ ಹೊರ ರಾಜ್ಯದಲ್ಲಿಯೂ ಪಡಿತರ ದೊರೆಯುವುದೆಂದು ಹೇಳುವುದು.

4. ಪಡಿತರ ಹಂಚುವ ದಿನ ಕೂಲಿಯನ್ನು ಕಡಿಯದೆ ಆಳುಗಳಿಗೆ ಅರ್ಧ ದಿನ ಬಿಡುವು ಕೊಡುವುದು. ಕೂಲಿಯೋ ಧಾನ್ಯವೋ ಎಂದು ಆರಿಸಬೇಕಾದ ಕಷ್ಟವು ಇದರಿಂದ ತಪ್ಪುವುದು.

5. ನಡೆಯಲಾರದ ವೃದ್ಧರ ಪಾಲು ಅವರ ಮನೆ ಸೇರಿತೆಂಬುದನ್ನು ಕಣ್ಣಾರೆ ನೋಡುವುದು.

6. ಧಾನ್ಯ ಸಿಕ್ಕದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗಳಿಗೆ ದೂರು ಬರೆದುಕೊಡುವುದು. ಅಂಗಡಿಯ ಲೆಕ್ಕ ನೋಡಲು ಜಾಗೃತಿ ಸಮಿತಿಗಳನ್ನೂ ಸಾಮಾಜಿಕ ಪರಿಶೋಧನೆಯನ್ನೂ ಕಾಯಿದೆಯೇ ಏರ್ಪಡಿಸಿದೆ.

ಇವುಗಳಲ್ಲಿ ಹೆಚ್ಚು ಖರ್ಚಿನ ಕೆಲಸ ಯಾವುದೂ ಇಲ್ಲ. ಬಿತ್ತನೆಗೂ ಕಳೆಗೂ ಕೊಯ್ಲಿಗೂ ಬೇಕಾದ ಆಳುಗಳು ಮಳೆಗಾಲದಲ್ಲಿ ಹಸಿದಿದ್ದರೆ ನಷ್ಟವು ಹೊಲದಲ್ಲಿಯೂ ಕಾಣುವುದು. ಊರಿನಲ್ಲಿ ಯಾರ ಒಲೆ ಉರಿಯಲಿಲ್ಲವೆಂಬುದು ಕಚೇರಿಗೆ ತಿಳಿಯುವ ಮೊದಲು ಊರಿನ ಹಿರಿಯರಿಗೆ ತಿಳಿದಿರತಕ್ಕದ್ದು.