ಮಲ್ಲಯ್ಯನ ದಾರಿಗೆ ಏನು ಹೊರಬೇಕು

ಹೋಳಿ ಹುಣ್ಣಿಮೆ ಕಳೆಯಿತೆಂದರೆ ನಮ್ಮ ಭಾಗದ ರಸ್ತೆಗಳ ಮೇಲೆ ಶ್ರೀಶೈಲದ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ದೇವದುರ್ಗದ ಕಡೆಯವರು ಗಬ್ಬೂರು ದಾಟಿ, ನಮ್ಮ ಮಾನ್ವಿಯವರು ಕಲ್ಲೂರು ದಾಟಿ ರಾಯಚೂರು ಸೇರುತ್ತಾರೆ. ಅಲ್ಲಿಂದ ಯರಗೇರಾ, ಗಿಲ್ಲೇಸುಗೂರು, ತುಂಗಭದ್ರೆಯ ಸೇತುವೆ, ಮಾಧವರಂ. ಮುಂದೆ ಎಮ್ಮಿಗನೂರು, ಕೋಡುಮೂರು, ಕರ್ನೂಲು, ಆತ್ಮಕೂರು. ಆಮೇಲೆ ನಲ್ಲಮಲ ಅಡವಿ. ಯುಗಾದಿಗೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಮುಂದೆ ನಿಂತಿರಬೇಕು ಎನ್ನುವುದು ಎಲ್ಲರ ಹಂಬಲ.

ಹೊಸದಾಗಿ ಹೊರಡುವವರು ಏನೇನು ಒಯ್ಯಬೇಕು ಎಂದು ಕೇಳುತ್ತಾರೆ. ವರ್ಷಗಳಿಂದ ನಡೆದು ಕಂಡುಕೊಂಡದ್ದು ಇಷ್ಟು: ಹೊಟ್ಟೆಯ ಚಿಂತೆಯನ್ನು ದಾರಿಯೇ ಹೊರುತ್ತದೆ, ಕಾಲಿನ ಚಿಂತೆ ನಮ್ಮದು. ಆದರೆ ಬಹಳ ಮಂದಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಂಡಾಳು ಅಂತ ಹೆಗಲ ಚೀಲ ತುಂಬಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ.

ಹವಾಯಿ ಚಪ್ಪಲಿ ಹೊಲಕ್ಕೆ ಸರಿ, ಈ ದಾರಿಗೆ ಅಲ್ಲ. ಅದರ ಉಂಗುಟದ ಪಟ್ಟಿ ಬೆರಳ ಸಂದಿಯನ್ನು ಕೊರೆಯುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಗುರ ಬೂಟು ಬೇಕು. ರಾಯಚೂರಿನ ತೀನ್ ಕಂದೀಲ್ ಸುತ್ತಿನ ಅಂಗಡಿಗಳಿಗೆ ಸಂಜೆ ಹೊತ್ತು ಹೋಗಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ, ಬಿಸಿಲಲ್ಲಿ ನಡೆದಾಗ ಇನ್ನೂ ಊದುತ್ತದೆ. ಅದಕ್ಕೇ ಒಂದು ಸೈಜು ದೊಡ್ಡದು ತೆಗೆದುಕೊಳ್ಳುವುದು. ಹೊರಡುವ ಒಂದು ತಿಂಗಳ ಮೊದಲೇ ಅದನ್ನು ಮೆಟ್ಟಿ ದಿನಾ ನಡೆಯಬೇಕು. ಹೊಸ ಬೂಟು ದಾರಿಯಲ್ಲೇ ಪಳಗಲಿ ಎಂದು ಬಿಟ್ಟವರು ಮಾಧವರಂ ಮುಟ್ಟುವುದರೊಳಗೆ ಕುಂಟುತ್ತಿರುವುದನ್ನು ನೋಡಿದ್ದೇನೆ.

ನಮ್ಮ ತಂಡದ ಹಿರಿಯ ಕಾಕಾ ಒಬ್ಬರು ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ, "ಮೊದಲು ಕಾಲಿಗೆ ಹಚ್ಚಿಕೋರಪಾ, ಆಮ್ಯಾಲೆ ಹಣಿಗೆ ಇಬತ್ತಿ" ಎನ್ನುತ್ತಿದ್ದರು. ವ್ಯಾಸಲಿನ್ ಆಗಲಿ ಕೊಬ್ಬರಿ ಎಣ್ಣೆಯಾಗಲಿ, ನಡೆಯುವ ಮೊದಲೇ ಬೆರಳ ಸಂದಿಗೆ, ಹಿಮ್ಮಡಿಗೆ, ತೊಡೆಯ ಒಳಗೆ ಹಚ್ಚಬೇಕು. ಕಾಲುಚೀಲ ಮೂರು ಜೋಡಿ ಇರಲಿ. ಬೆವರಿಗೆ ಒದ್ದೆಯಾದ ಕಾಲುಚೀಲದಲ್ಲಿ ನಡೆದರೆ ಬೊಬ್ಬೆ ಏಳುವುದು ಖಚಿತ. ಬೊಬ್ಬೆ ಚಿಕ್ಕದಿದ್ದರೆ ಮುಟ್ಟಬೇಡಿ, ಮೇಲೆ ಪಟ್ಟಿ ಹಚ್ಚಿ. ನಡೆಯಲು ಬಿಡದಷ್ಟು ದೊಡ್ಡದಾದರೆ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಡುವ ರೂಢಿ ದಾರಿಯಲ್ಲಿ ಕಾಣುತ್ತದೆ. ಆ ದಾರದ ಗುಂಟ ಹೊಲಸು ಒಳಗೆ ಹೋಗಿ ಕೀವಾಗುತ್ತದೆ. ಸಕ್ಕರೆ ಕಾಯಿಲೆಯವರಂತೂ ತಾವಾಗಿ ಏನನ್ನೂ ಚುಚ್ಚಿಕೊಳ್ಳಬಾರದು, ಬರಿಗಾಲ ಹರಕೆಯನ್ನೂ ಹೊರಬಾರದು. ಅವರಲ್ಲಿ ಹಲವರಿಗೆ ಅಂಗಾಲಿನ ಸ್ಪರ್ಶ ಮಂಕಾಗಿರುತ್ತದೆ, ಕಾದ ಡಾಂಬರು ಸುಟ್ಟದ್ದು ಗೊತ್ತಾಗುವುದೇ ಇಲ್ಲ. ಮಲ್ಲಯ್ಯ ನಿಮ್ಮ ಹುಣ್ಣನ್ನು ಬೇಡುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಕಡೆಯ ಎರೆ ಹೊಲದ ನಡುವಿನ ರಸ್ತೆಗೆ ನೆರಳು ಕಡಿಮೆ. ನಸುಕಿನ ಮೂರಕ್ಕೆ ಎದ್ದು, ಬಿಸಿಲು ಏರುವ ಮುನ್ನ ಒಂಬತ್ತು ಹತ್ತರ ಹೊತ್ತಿಗೆ ತಂಗಬೇಕು, ಮತ್ತೆ ಸಂಜೆ ನಡೆಯಬೇಕು. ಕತ್ತಲಲ್ಲಿ ರಸ್ತೆಯ ಬಲಬದಿಗೆ, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ನಡೆಯಿರಿ. ಬೆಳಕು ಬಿದ್ದರೆ ಹೊಳೆಯುವ ಜಾಕೀಟು, ಕೈಯಲ್ಲೊಂದು ಬ್ಯಾಟರಿ ಇರಲೇಬೇಕು. ಹಾಡಿನ ಗುಂಗಿನಲ್ಲಿ ರಸ್ತೆಯ ತುಂಬ ಹರಡಿಕೊಂಡು ನಡೆಯುವ ತಂಡಗಳನ್ನು ಕಂಡರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಇನ್ನು ದಾಸೋಹದ ಮಾತು. ಊರೂರಲ್ಲಿ ಪೆಂಡಾಲು ಹಾಕಿ, ರಸ್ತೆಗೇ ಬಂದು ಕೈಮುಗಿದು ಕರೆಯುತ್ತಾರೆ. ಅನ್ನ, ಸಾರು, ರೊಟ್ಟಿ, ಪಲ್ಯ, ಹುಗ್ಗಿ, ಮಿರ್ಚಿ. ಕೆಲವರು ಬಿಸಿನೀರಲ್ಲಿ ನಮ್ಮ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ವಯಸ್ಸಾದವರು ನನ್ನ ಕಾಲು ಹಿಡಿದಾಗ ಸಂಕೋಚಕ್ಕೆ ಕಣ್ಣು ತುಂಬಿದ್ದಿದೆ. ಇಲ್ಲಿ 'ಒಲ್ಲೆ' ಎನ್ನುವುದು ಕಷ್ಟ. ಆದರೆ ಕರೆದಲ್ಲೆಲ್ಲ ಹೊಟ್ಟೆ ತುಂಬ ಉಂಡರೆ ಮುಂದಿನ ಹರದಾರಿಗೆ ಕಾಲು ಏಳುವುದಿಲ್ಲ. ಹುಗ್ಗಿಯನ್ನು ಪ್ರಸಾದವೆಂದು ಒಂದು ತುತ್ತು ತೆಗೆದುಕೊಂಡು, ಮಜ್ಜಿಗೆ, ಅಂಬಲಿ, ಗಂಜಿಯನ್ನು ಧಾರಾಳ ಕುಡಿಯಿರಿ. ಕತ್ತರಿಸಿ ಬಿಸಿಲಿಗಿಟ್ಟ ಕಲ್ಲಂಗಡಿ, ಎಲ್ಲಿಯದೋ ಗೊತ್ತಿಲ್ಲದ ಐಸು ಬೇಡ. ಭೇದಿ ಹಿಡಿದರೆ ಕೈಹಿಡಿಯುವುದು ಓಆರ್‌ಎಸ್ ಪುಡಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ನಿಮ್ಮದೇ ಒಂದು ಸ್ಟೀಲ್ ತಾಟು, ಲೋಟ ಇಟ್ಟುಕೊಳ್ಳಿ. ನಾವು ದಾಟಿಹೋದ ಮೇಲೆ ಪ್ಲಾಸ್ಟಿಕ್ ಲೋಟ, ತಟ್ಟೆ ಉಳಿಯುವುದು ಅನ್ನ ಹಾಕಿದವರ ಹೊಲದಲ್ಲೇ.

ಆತ್ಮಕೂರಿನವರೆಗೆ ತಂಡದ ಟೆಂಪೊ ಜೊತೆಗಿರುತ್ತದೆ. ಮುಂದೆ ಅದು ದೋರ್ನಾಲ ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗುತ್ತದೆ. ನಾವು ವೆಂಕಟಾಪುರದಿಂದ ಅಡವಿ ಹೊಗುತ್ತೇವೆ: ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. ಟೆಂಪೊ ಬಿಡುವ ಮುನ್ನ ಗಂಟು ಬಿಚ್ಚಿ, ದಿನದ ಮಾತ್ರೆ, ಕಾಲಿನ ಸಾಮಾನು, ಬ್ಯಾಟರಿ, ಎರಡು ಲೀಟರ್ ನೀರು, ಒಂದು ಹೊದಿಕೆ ನಿಮ್ಮ ಹೆಗಲ ಚೀಲಕ್ಕೆ ಬರಬೇಕು. ಬಿಪಿ ಮಾತ್ರೆ ಟೆಂಪೊದಲ್ಲೇ ಉಳಿದರೆ, ಯಾರನ್ನಾದರೂ ಕರೆಯೋಣವೆಂದರೆ ಅಡವಿಯಲ್ಲಿ ಮೊಬೈಲಿಗೆ ಸಿಗ್ನಲ್ ಕೂಡ ಸಿಗುವುದಿಲ್ಲ.

ಭೀಮನ ಕೊಳ್ಳ ಈ ದಾರಿಯ ಕಠಿಣ ಜಾಗ. ಕಣಿವೆಗೆ ಇಳಿಯಬೇಕು, ಮತ್ತೆ ಕಲ್ಲು ಮೆಟ್ಟಿಲು ಹತ್ತಬೇಕು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಯದು. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮೊಣಕಾಲು ಮುರಿಯುವುದು ಇಳಿಯುವಾಗ. ಎದೆಯೆತ್ತರದ ಗಟ್ಟಿ ಕೋಲು ಹಿಡಿದು, ಸಣ್ಣ ಹೆಜ್ಜೆ ಇಟ್ಟು, ಬೆಳಗಿನ ತಂಪಿನಲ್ಲೇ ಇಳಿಯಿರಿ. ಈ ಅಡವಿ ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ದೇಶದಲ್ಲೇ ಅತಿ ದೊಡ್ಡದು. ಬೇಸಿಗೆಯ ಒಣ ಎಲೆಗೆ ಒಂದು ಬೀಡಿಯ ಕಿಡಿ ಸಾಕು. ಅಡವಿಯೊಳಗೆ ಒಲೆ ಹೂಡುವುದೂ ಬೇಡ, ಬೀಡಿ ಸೇದುವುದೂ ಬೇಡ.

ತೂಕ ಕಡಿಮೆ ಮಾಡಿ ಎಂದು ಎಲ್ಲರಿಗೂ ಹೇಳುವ ನಾನು ಎರಡಕ್ಕೆ ಮಾತ್ರ ಹಾಗೆ ಹೇಳುವುದಿಲ್ಲ. ಒಂದು, ಹೆಗಲ ಮೇಲೆ ಹೊರುವ ಪೂಜೆಯ ಕೋಲು, ಮಲ್ಲಯ್ಯನ ಕಂಬಿ. ಇನ್ನೊಂದು, ಹೆಣ್ಣುಮಕ್ಕಳು ಒಯ್ಯುವ ಉಡಿಯ ಗಂಟು. ಶ್ರೀಶೈಲದ ಭ್ರಮರಾಂಬೆ ನಮ್ಮ ಕನ್ನಡ ನಾಡಿನ ಮನೆಮಗಳು, ಮಲ್ಲಯ್ಯ ಅಳಿಯ. ಸೀರೆ, ಕುಪ್ಪಸ, ಬಳೆ, ಅರಿಶಿನ ಕುಂಕುಮ ಇಲ್ಲದೆ ಮಗಳ ಮನೆಗೆ ಬರಿಗೈಲಿ ಹೋಗುವುದು ಹೇಗೆ? ಆ ಗಂಟಿಗೆ ಜಾಗವಾಗಲೆಂದೇ ಉಳಿದದ್ದನ್ನು ಮನೆಯಲ್ಲಿ ಬಿಡಿ.

ಶ್ರೀಶೈಲದ ಗದ್ದಲದಲ್ಲಿ ವಯಸ್ಸಾದವರು ತಪ್ಪಿಸಿಕೊಳ್ಳುವುದುಂಟು. ಹೆಸರು, ಊರು, ತಂಡದ ಹಿರಿಯರ ಮೊಬೈಲ್ ನಂಬರು, ಇರುವ ಕಾಯಿಲೆ, ಇಷ್ಟನ್ನು ಕನ್ನಡ ಮತ್ತು ತೆಲುಗು ಎರಡರಲ್ಲೂ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅವರ ಅಂಗಿಯ ಒಳಜೇಬಿಗೆ ಹಾಕಿರಿ. ದರ್ಶನವಾದ ಕೂಡಲೇ ರಾಯಚೂರಿನ ಬಸ್ಸಿಗೆ ಓಡಬೇಡಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತರೆ ಬಾವು ಏರುತ್ತದೆ. ಒಂದು ರಾತ್ರಿ ಗಂಟಿನ ಮೇಲೆ ಕಾಲೆತ್ತಿ ಮಲಗಿ, ಮರುದಿನ ಹೊರಡಿ.