ಹಲ್ಲು ಕೀಳಿಸಿದಿರಾ? ಮುಂದಿನ ಮೂರು ದಿನ ನಿಮ್ಮ ಪ್ರಾಜೆಕ್ಟ್

ಡಾಕ್ಟರ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ನಿಮ್ಮದು ಈಗ ಶುರು. ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಳಗಿನ ಮೂಳೆಗೂ ನರಕ್ಕೂ ಅದೇ ಮುಚ್ಚಳ. ಅದು ಉಳಿದರೆ ನಾಲ್ಕನೇ ದಿನ ನೀವು ಕ್ಲಾಸಿನಲ್ಲೋ ಆಫೀಸಿನಲ್ಲೋ ಇರುತ್ತೀರಿ. ಕಿತ್ತುಬಂದರೆ ಮತ್ತೆ ಕ್ಲಿನಿಕ್ಕಿನ ಬೆಂಚಿನ ಮೇಲೆ. ಟಾರ್ಗೆಟ್ ಒಂದೇ: ಹೆಪ್ಪು ಉಳಿಸಿ.

1. ಇನ್ನೂ ಕೀಳಿಸಿಲ್ಲವೇ? ದಿನ ನೀವೇ ಆರಿಸಿ.
ಹನೂರು, ರಾಮಾಪುರ, ಮಲೆ ಮಹದೇಶ್ವರ ಬೆಟ್ಟದ ಕಡೆಯವರು ಕೊಳ್ಳೇಗಾಲಕ್ಕೆ ಬಂದು ಕೀಳಿಸುವುದಾದರೆ ಸೋಮವಾರ ಬೆಳಗಿನ ಅಪಾಯಿಂಟ್‌ಮೆಂಟ್ ಹಿಡಿಯಿರಿ. ರಕ್ತದ ತಕರಾರು ಸಾಮಾನ್ಯವಾಗಿ ಅದೇ ದಿನ ಬರುತ್ತದೆ. ಹೆಪ್ಪು ಹೋಗಿ ಗುಳಿ ಒಣಗಿದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಬರುತ್ತದೆ. ಸೋಮವಾರದವರಿಗೆ ಆಗ ಕ್ಲಿನಿಕ್ ತೆರೆದಿರುತ್ತದೆ. ಶುಕ್ರವಾರದವರಿಗೆ ಭಾನುವಾರ ಅಡ್ಡ ಬರುತ್ತದೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯನ್ನೂ ನೋಡಿ. ಅಂದು ಬೆಟ್ಟದ ದೇವರು ಮಾದಪ್ಪನ ದರ್ಶನಕ್ಕೆ ಹೊರಟವರ ಬಸ್ಸಿನ ನೂಕುನುಗ್ಗಲಿಗೆ ಊದಿದ ಕೆನ್ನೆ ಒಡ್ಡುವ ಸಾಹಸ ಬೇಡ. ಶುಗರ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಆ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

2. ಕಚ್ಚಿ ಹಿಡಿಯಿರಿ.
ಡಾಕ್ಟರ್ ಇಟ್ಟ ಗಾಜ್ ಅನ್ನು ಅರ್ಧದಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ರಕ್ತ ನಿಲ್ಲಿಸುವುದು ಒತ್ತಡ. ತೆಗೆದಾಗಲೆಲ್ಲ ಲೆಕ್ಕ ಸೊನ್ನೆಯಿಂದ.

3. ಉಗುಳಬೇಡಿ, ಹೀರಬೇಡಿ.
ಎಂಜಲಿಗೆ ಒಂದು ಹನಿ ರಕ್ತ ಕಲೆತರೂ ಬಾಯಿ ತುಂಬ ಕೆಂಪು ಕಾಣುತ್ತದೆ. ಹೆದರಿ ಉಗುಳುತ್ತೀರಿ, ಆ ಎಳೆತಕ್ಕೆ ಹೆಪ್ಪು ಸಡಿಲವಾಗುತ್ತದೆ, ಮತ್ತೆ ರಕ್ತ. ಎಂಜಲು ನುಂಗಿ. ಎಳನೀರು ಬೇಕೇ? ಲೋಟಕ್ಕೆ ಬಗ್ಗಿಸಿ ಕುಡಿಯಿರಿ, ಸ್ಟ್ರಾ ಬೇಡ. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದೂ ಬೇಡ.

4. ಅಂದೇ ಘಾಟಿ ಹತ್ತಬೇಡಿ.
ತಾಳಬೆಟ್ಟದಿಂದ ಮೇಲಕ್ಕೆ ಸಾಲುಸಾಲು ಹೇರ್‌ಪಿನ್ ತಿರುವು. ಬಸ್ಸಿನಲ್ಲಿ ವಾಂತಿಯಾಗುವವರು ನೀವಾದರೆ ಆ ರಾತ್ರಿ ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ನೆಂಟರ ಮನೆಯಲ್ಲಿ ಉಳಿಯಿರಿ. ಹೊಸ ಹೆಪ್ಪಿಗೆ ವಾಂತಿ ಒಳ್ಳೆಯದಲ್ಲ. ಹೋಗಲೇಬೇಕಾದರೆ ಮುಂದಿನ ಸೀಟು ಹಿಡಿಯಿರಿ. ಪಾದಯಾತ್ರೆ, ಉರುಳು ಸೇವೆಯ ಹರಕೆ ಇದ್ದರೆ ಒಂದು ವಾರ ಮುಂದಕ್ಕೆ ಹಾಕಿ. ಮೈ ದಣಿದಾಗ ರಕ್ತದ ಒತ್ತಡ ಏರಿ ಗಾಯ ಮತ್ತೆ ಒಸರಬಹುದು. ಉಘೇ ಎಂದು ಮನಸ್ಸಿನಲ್ಲೇ ಕೂಗಿ. ಮಾದಪ್ಪನಿಗೆ ಕೇಳಿಸುತ್ತದೆ.

5. ಕಡ್ಡಿಪುಡಿಗೆ ರಜೆ ಕೊಡಿ.
ಇಲ್ಲಿ ರಾಜಿ ಇಲ್ಲ. ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ, ಹೊಗೆಸೊಪ್ಪು ಕನಿಷ್ಠ ಮೂರು ದಿನ ಬಂದ್. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಗಾಯಕ್ಕೆ ರಕ್ತ ಬರುವುದು ಕಡಿಮೆಯಾಗುತ್ತದೆ. ಬೀಡಿಯ ದಮ್ಮಿನ ಎಳೆತವೂ ಸ್ಟ್ರಾದ ಹಾಗೆಯೇ ಹೆಪ್ಪನ್ನು ಸಡಿಲಿಸಬಹುದು. ಕಡ್ಡಿಪುಡಿಯ ಕಥೆಯೇ ಬೇರೆ: ಎರಡು ಬೆರಳಲ್ಲಿ ಚಿಟಿಕೆ ತೆಗೆದು ದವಡೆ ಸಂದಿಗೆ ಒತ್ತುತ್ತಾರಲ್ಲ, ಕಿತ್ತ ದವಡೆ ಹಲ್ಲಿನ ಗುಳಿ ಇರುವುದು ಅಲ್ಲೇ. ‘ಹೊಗೆಸೊಪ್ಪು ಇಟ್ಟರೆ ನೋವು ಸಾಯುತ್ತೆ’ ಎನ್ನುವ ಹಿರಿಯರಿಗೆ ಗೌರವದಿಂದ ತಲೆಯಾಡಿಸಿ. ಇಡಬೇಡಿ. ಮದ್ಯವೂ ಬೇಡ.

6. ಊಟ ಪ್ಲಾನ್ ಮಾಡಿ.
ಮರಗಟ್ಟಿದ ತುಟಿ ಸರಿಹೋಗಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಅಗಿಯಬೇಡಿ, ನಿಮ್ಮ ತುಟಿ, ಕೆನ್ನೆ ನೀವೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮೊದಲ ದಿನ ತಣ್ಣಗಿನ ರಾಗಿ ಅಂಬಲಿ, ಮಜ್ಜಿಗೆ ಅನ್ನ, ಆರಿದ ಗಂಜಿ, ಕಿವುಚಿದ ಬಾಳೆಹಣ್ಣು. ಎರಡನೇ ದಿನದಿಂದ ನಮ್ಮ ಕಡೆಯವರಿಗೆ ಒಂದು ಅಡ್ವಾಂಟೇಜ್ ಇದೆ: ಮುದ್ದೆ. ಅಗಿಯುವ ಕೆಲಸವೇ ಇಲ್ಲ, ನುಂಗುವುದಷ್ಟೆ. ಆದರೆ ಹಬೆಯಾಡುವ ಮುದ್ದೆ ಬೇಡ, ಉಪ್ಪುಸಾರಿನ ಖಾರ ಬೇಡ. ಬೇಳೆ ಕಟ್ಟು ಸಾಕು. ಕಡಲೆಕಾಯಿ, ಪುರಿ, ಚಕ್ಕುಲಿ ದೂರವಿಡಿ. ಚೂರು ಗುಳಿಗೆ ಸೇರಿದರೆ ತೆಗೆಯುವುದು ಕಷ್ಟ. ಬೆಟ್ಟದ ಲಾಡು ಡಬ್ಬಿಯಲ್ಲಿರಲಿ, ಕೆಡುವುದಿಲ್ಲ.

7. ಮೊದಲು ಐಸ್, ಆಮೇಲೆ ಉಪ್ಪುನೀರು.
ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಕೆನ್ನೆಯ ಹೊರಗಿನಿಂದ ಹತ್ತು ಹದಿನೈದು ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ಫ್ರಿಜ್ ಇಲ್ಲವೇ? ತಣ್ಣೀರಲ್ಲಿ ಅದ್ದಿದ ಬಟ್ಟೆ ಸಾಕು. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ದಿನಕ್ಕೆ ನಾಲ್ಕೈದು ಸಲ. ಗಳಗಳ ಮಾಡಬೇಡಿ. ಬಾಯಲ್ಲಿ ಹಿಡಿದು, ತಲೆ ಬಗ್ಗಿಸಿ, ತಾನೇ ಬೀಳಲು ಬಿಡಿ. ಊತ ಎರಡನೇ ಮೂರನೇ ದಿನ ಹೆಚ್ಚುವುದು ಸಹಜ, ಅದನ್ನು ಸೋಲೆಂದು ಓದಬೇಡಿ. ಉಳಿದ ಹಲ್ಲುಗಳನ್ನು ಉಜ್ಜುವುದನ್ನು ನಿಲ್ಲಿಸಬೇಡಿ.

8. ಗುಳಿಗೆ ಏನನ್ನೂ ತುಂಬಬೇಡಿ.
ಲವಂಗ, ಅರಿಶಿನ, ಸುಣ್ಣ, ಯಾವುದೂ ಬೇಡ. ನೋವಿಗೆ ಬರೆದುಕೊಟ್ಟ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ. ಆಸ್ಪಿರಿನ್ ಅನ್ನು ನೀವಾಗಿ ತಗೊಳ್ಳಬೇಡಿ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಆಂಟಿಬಯೋಟಿಕ್ ಬರೆದಿದ್ದರೆ ಕೋರ್ಸ್ ಮುಗಿಸಿ.

9. ಅನುಮಾನದ ಚಟ ಬಿಡಿ.
ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು, ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡುವುದು ಕಾಳಜಿಯಲ್ಲ, ಚಟ. ಗುಳಿಯ ಮೇಲೆ ಬೆಳ್ಳಗೆ ಪೊರೆ ಕಂಡರೆ ಕೀವು ಎಂದು ಬೆಚ್ಚಬೇಡಿ. ಹೆಚ್ಚಿನ ಸಲ ಅದು ಗಾಯ ಮಾಯುತ್ತಿರುವ ಗುರುತು. ಎರಡು ದಿಂಬಿನ ಮೇಲೆ ತಲೆಯಿಟ್ಟು ಮಲಗಿ. ಓದುವುದಿದ್ದರೆ ಓದಿ, ಬಾಯಿಗೂ ಪುಸ್ತಕಕ್ಕೂ ಜಗಳವಿಲ್ಲ.

10. ಖಾಲಿ ಜಾಗದ ಬಗ್ಗೆ ಕೇಳಿ.
ಒಸಡು ಎರಡು ಮೂರು ವಾರದಲ್ಲಿ ಮುಚ್ಚುತ್ತದೆ, ಮೂಳೆ ತುಂಬಲು ತಿಂಗಳುಗಳು ಬೇಕು. ಜಾಗ ಹಾಗೇ ಬಿಟ್ಟರೆ ಪಕ್ಕದ ಹಲ್ಲು ಅತ್ತ ವಾಲಬಹುದು. ವಿಸ್ಡಮ್ ಟೂತ್ ಆದರೆ ಆ ಚಿಂತೆ ಇಲ್ಲ.

11. ಫೋನ್ ಮಾಡುವ ಗೆರೆ ಗೊತ್ತಿರಲಿ.
ಹೊಸ ಗಾಜ್ ಅರ್ಧ ಗಂಟೆ ಕಚ್ಚಿದರೂ ರಕ್ತ ನಿಲ್ಲದಿದ್ದರೆ, ಮೂರನೇ ದಿನ ನೋವು ಇಳಿಯುವ ಬದಲು ಏರಿ ಕಿವಿಯವರೆಗೆ ಹೊಡೆದರೆ, ದುರ್ವಾಸನೆ ಬಂದರೆ, ಜ್ವರ ಬಂದರೆ ಕ್ಲಿನಿಕ್ಕಿಗೆ ಫೋನ್ ಮಾಡಿ. ನಂಬರನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಕಾಡಿನ ಹಾದಿಯಲ್ಲಿ ಸಿಗ್ನಲ್ ಕೈಕೊಡುತ್ತದೆ, ಚಾರ್ಜೂ ಮುಗಿಯುತ್ತದೆ. ಊತ ಕತ್ತಿಗಿಳಿದು ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.