ಎಂಜಿನ್ ಕೋಣೆಯ ಸ್ಪಂಜು ಏಕೆ ಉದುರುತ್ತದೆ?

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನ ಅಡಿಯಲ್ಲೋ ಯಾರೂ ಹಾಕದೆ ಇಟ್ಟ ಹಳೆಯ ಶೂ ಇದ್ದರೆ ತೆಗೆದು ನೋಡಿ. ಮೇಲಿನ ಭಾಗ ಚೆನ್ನಾಗಿಯೇ ಇರುತ್ತದೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಕೆಲವು ಶೂಗಳ ಅಡಿ ಹಳೆಯ ಬಿಸ್ಕೆಟಿನ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಹಾಕಲೇ ಇಲ್ಲ, ಸವೆಯಲೂ ಇಲ್ಲ. ಮತ್ತೆ ಹಾಳಾದದ್ದು ಹೇಗೆ? ಇದಕ್ಕೆ ಆಮೇಲೆ ಬರೋಣ.

ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಈಗ ದುಬೈಯ ಒಂದು ಗ್ಯಾರೇಜಿನಲ್ಲಿದ್ದಾನೆ. ಹಳೆಯ ಕಾರುಗಳನ್ನು ಬಿಚ್ಚಿ ಮೊದಲಿನಂತೆ ಮಾಡುವ ಗ್ಯಾರೇಜು ಅದು. ಒಂದು ರಾತ್ರಿ ವಾಟ್ಸಾಪಿನಲ್ಲಿ ಅವನ ಫೋಟೊ ಬಂತು. ತಗಡಿನ ಗೋಡೆಗೆ ಅಂಟಿಕೊಂಡ ಕಪ್ಪು ಸ್ಪಂಜು, ಅರ್ಧ ಜೋತುಬಿದ್ದಿದೆ, ಕೆಳಗೆಲ್ಲ ಅದರ ಚೂರು. ಜೊತೆಗೆ ಅವನ ಧ್ವನಿ: "ಸರ್, ಇದು ಮುಟ್ಟಿದ್ರೆ ಉದುರ್ತದೆ. ಸೋಫಾದ ಸ್ಪಂಜು ಕತ್ತರಿಸಿ ಅಂಟಿಸು ಅಂತ ಇಲ್ಲಿಯವರು ಹೇಳ್ತಾರೆ. ಎಂತ ಹಾಕುದು?"

ಕಾರು ಪೋರ್ಶೆ 911. 1963ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಇದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ನಮ್ಮದು ಎಂದು ಫ್ರಾನ್ಸಿನ ಪೆಜೊ ಕಂಪೆನಿ ಆಕ್ಷೇಪಿಸಿದ್ದರಿಂದ 911 ಆಯಿತು. ಇದರ ಎಂಜಿನ್ ಹಿಂದುಗಡೆ, ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುತ್ತದೆ. ಆರು ಸಿಲಿಂಡರ್, ಬದಿಗೆ ಮೂರರಂತೆ ಮಲಗಿಸಿದ್ದು. ರೇಡಿಯೇಟರ್ ಇಲ್ಲ, ನೀರೂ ಇಲ್ಲ. ಒಂದು ದೊಡ್ಡ ಫ್ಯಾನು ಗಾಳಿಯನ್ನು ಎಳೆದು ಸಿಲಿಂಡರುಗಳ ಮೇಲೆ ಊದುತ್ತದೆ. ಸಿಲಿಂಡರಿನ ಸುತ್ತ ತೆಳ್ಳಗಿನ ಲೋಹದ ರೆಕ್ಕೆಗಳು, ಬೈಕಿನ ಎಂಜಿನ್ನಿನಲ್ಲಿ ನೀವು ನೋಡಿದಂಥವೇ. ಗಾಳಿಯಿಂದಲೇ ತಣಿಯುವ ಈ ಕ್ರಮ 911ರಲ್ಲಿ 1998ರ ತನಕ ನಡೆಯಿತು.

ಎಂಜಿನ್ನಿಗೂ ಒಳಗೆ ಕೂತವರಿಗೂ ನಡುವೆ ಒಂದು ತಗಡಿನ ಗೋಡೆ. ಆ ಗೋಡೆಗೆ ಎಂಜಿನ್ನಿನ ಬದಿಯಿಂದ ಅಂಟಿಸಿದ್ದೇ ಈ ಸ್ಪಂಜಿನ ಪ್ಯಾಡು.

ನಾನು ಕೂಡಲೇ ಉತ್ತರ ಕಳಿಸಿದೆ: "ಸ್ಪಂಜು ಅಂದ್ರೆ ಸ್ಪಂಜೇ ಅಲ್ವಾ, ದಪ್ಪದ್ದು ಹಾಕು." ಊಟ ಮಾಡುವಾಗ ಯಾಕೋ ಸಮಾಧಾನ ಆಗಲಿಲ್ಲ. ನೋಟ್‌ಬುಕ್ ತೆಗೆದು ಒಂಬತ್ತನೆಯವರಿಗೆ ಕಲಿಸುವ ಲೆಕ್ಕವನ್ನೇ ಮಾಡಿ ನೋಡಿದೆ. ನಾನು ಹೇಳಿದ್ದು ತಪ್ಪಾಗಿತ್ತು.

ಸ್ಪಂಜು ಸದ್ದನ್ನು ಹೇಗೆ ಹೀರುತ್ತದೆ? ಸದ್ದು ಎಂದರೆ ಗಾಳಿಯ ಕಣಗಳ ಹಿಂದು ಮುಂದಿನ ಓಡಾಟ. ಸ್ಪಂಜಿನ ಸಣ್ಣ ರಂಧ್ರಗಳೊಳಗೆ ಕಣಗಳು ಓಡಾಡುವಾಗ ಗೋಡೆಗೆ ಉಜ್ಜಿ ಘರ್ಷಣೆಯಾಗುತ್ತದೆ, ಶಬ್ದಶಕ್ತಿ ಉಷ್ಣವಾಗುತ್ತದೆ. ಸ್ಪಂಜು ಬಿಸಿಯಾಗುವುದು ಕೈಗೆ ಗೊತ್ತಾಗುವುದಿಲ್ಲ. ನಾವು ಮಾತಾಡುವಾಗ ಹೊರಡುವ ಶಬ್ದಶಕ್ತಿ ಒಂದು ವಾಟಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಹಾಗಾಗಿ.

ಈಗ ಒಂದು ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಅಲುಗಾಡಿಸಿ. ಕಟ್ಟಿದ ಗಂಟು ಅಲುಗಾಡುವುದಿಲ್ಲ. ಅಲ್ಲಿಂದ ಸ್ವಲ್ಪ ಈಚೆಗೆ ಹಗ್ಗ ಜೋರಾಗಿ ಆಡುತ್ತದೆ. ಗಟ್ಟಿ ಗೋಡೆಗೆ ಬಡಿದ ಶಬ್ದದಲ್ಲಿಯೂ ಹೀಗೆಯೇ. ಗೋಡೆಗೆ ತಾಗಿದ ಗಾಳಿಯ ಕಣಗಳಿಗೆ ಓಡಾಡಲು ಆಗುವುದಿಲ್ಲ. ಗೋಡೆಯಿಂದ ತರಂಗದೂರದ ನಾಲ್ಕನೇ ಒಂದು ಭಾಗ ಈಚೆಗೆ ಬಂದರೆ ಓಡಾಟ ಅತಿ ಹೆಚ್ಚು. ಓಡಾಟ ಇಲ್ಲದ ಕಡೆ ಘರ್ಷಣೆ ಎಲ್ಲಿಂದ? ಆದ್ದರಿಂದ ಸ್ಪಂಜು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ತರಂಗದೂರದ ಕಾಲು ಭಾಗದ ಹತ್ತಿರವಾದರೂ ಇರಬೇಕು.

ಲೆಕ್ಕ ಮಾಡಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ಆರು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಮೂರು ಸಲ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು, 150 ಉರಿತ. ಅಂದರೆ ಎಂಜಿನ್ನಿನ ಮುಖ್ಯ ಗುಡುಗಿನ ಆವೃತ್ತಿ 150 ಹರ್ಟ್ಸ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ತೆಗೆದುಕೊಂಡರೆ ತರಂಗದೂರ 340ನ್ನು 150ರಿಂದ ಭಾಗಿಸಿದಷ್ಟು, ಸುಮಾರು 2.27 ಮೀಟರ್. ಅದರ ಕಾಲು ಭಾಗ 57 ಸೆಂಟಿಮೀಟರ್! ಅಷ್ಟು ದಪ್ಪದ ಸ್ಪಂಜು ಹಾಕಿದರೆ ಎಂಜಿನ್ ಇಡಲಿಕ್ಕೇ ಜಾಗ ಇರದು.

ತಿರುಗಿಸಿ ಕೇಳೋಣ. ಎರಡೂವರೆ ಸೆಂಟಿಮೀಟರ್ ಸ್ಪಂಜಿಗೆ ಯಾವ ಸದ್ದು ಹಿಡಿಯಲು ಸಾಧ್ಯ? ಕಾಲು ಭಾಗ 2.5 ಸೆಂ.ಮೀ. ಆದರೆ ಪೂರ್ತಿ ತರಂಗದೂರ 10 ಸೆಂ.ಮೀ., ಆವೃತ್ತಿ 3400 ಹರ್ಟ್ಸ್. ಚೈನಿನ ಕಿರಕಿರ, ವಾಲ್ವುಗಳ ಟಕಟಕ, ಗಾಳಿಯ ಸುಯ್ ಸದ್ದು ಇವೆಲ್ಲ ಆ ಮಟ್ಟದವು. ಸ್ಪಂಜು ಅವನ್ನು ಹಿಡಿಯುತ್ತದೆ, ಗುಡುಗನ್ನು ಹಿಡಿಯುವುದಿಲ್ಲ. ನನ್ನ "ದಪ್ಪದ್ದು ಹಾಕು" ಎಂಬ ಸಲಹೆಯಿಂದ ಒಂದೋ ಎರಡೋ ಸೆಂಟಿಮೀಟರ್ ಹೆಚ್ಚಾಗುತ್ತಿತ್ತು, ಅಷ್ಟೆ.

ಗುಡುಗನ್ನು ತಡೆಯುವುದು ತೂಕ. ತಗಡಿನ ದಪ್ಪ 0.8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಉಕ್ಕಿನ ಸಾಂದ್ರತೆ ಘನಮೀಟರಿಗೆ 7850 ಕಿಲೋಗ್ರಾಂ. ಒಂದು ಚದರ ಮೀಟರ್ ತಗಡಿಗೆ ಸುಮಾರು 6.3 ಕಿಲೋ. ಘನಮೀಟರಿಗೆ 30 ಕಿಲೋ ಸಾಂದ್ರತೆಯ ಸ್ಪಂಜನ್ನು 2.5 ಸೆಂ.ಮೀ. ದಪ್ಪಕ್ಕೆ ಹಾಕಿದರೆ ಒಂದು ಚದರ ಮೀಟರಿಗೆ ಮುಕ್ಕಾಲು ಕಿಲೋ ಮಾತ್ರ. ಭಾರವಾದ ಗೋಡೆಯನ್ನು ಅಲುಗಾಡಿಸಲು ಶಬ್ದಕ್ಕೆ ಕಷ್ಟ, ಹಗುರ ಗೋಡೆ ಸುಲಭವಾಗಿ ಅಲುಗಾಡಿ ಆ ಕಡೆಯ ಗಾಳಿಯನ್ನು ನೂಕುತ್ತದೆ. ಗೋಡೆಯ ತೂಕ ಎರಡು ಪಟ್ಟಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ತೀವ್ರತೆ ಕಾಲು ಭಾಗವಾಗುತ್ತದೆ. ಕಿವಿಗೆ ಮಾತ್ರ ಅರ್ಧದಷ್ಟೂ ಕಡಿಮೆಯಾದಂತೆ ಕೇಳುವುದಿಲ್ಲ, ಅದಕ್ಕೆ 10 ಡೆಸಿಬೆಲ್ ಬೇಕು. ಇದಕ್ಕೇ ಒಳ್ಳೆಯ ಪ್ಯಾಡಿನಲ್ಲಿ ಸ್ಪಂಜಿನ ಜೊತೆ ರಬ್ಬರಿನಂಥ ಒಂದು ಭಾರವಾದ ಹಾಳೆಯನ್ನೂ ಸೇರಿಸಿರುತ್ತಾರೆ. ಹಾಳೆ ತಡೆಯುತ್ತದೆ, ಸ್ಪಂಜು ಹೀರುತ್ತದೆ.

ಇನ್ನೊಂದು ಸಂಗತಿ ಗ್ಯಾರೇಜಿನವರೂ ಮರೆಯುತ್ತಾರೆ. ಗೋಡೆಯ ನೂರರಲ್ಲಿ ಒಂದು ಪಾಲು ತೂತು ಉಳಿದರೂ ಅದರ ಮೂಲಕ ಶಬ್ದದ ನೂರರಲ್ಲೊಂದು ಪಾಲು ನೇರ ಒಳಗೆ ಬರುತ್ತದೆ. ಉಳಿದ ಗೋಡೆಯನ್ನು ಕಬ್ಬಿಣದಿಂದ ಎರಕ ಹೊಯ್ದರೂ 20 ಡೆಸಿಬೆಲಿಗಿಂತ ಹೆಚ್ಚು ತಡೆಯಲು ಆಗದು. ವಯರು, ಕೇಬಲ್ ಹೋಗುವ ತೂತುಗಳ ರಬ್ಬರ್ ಬಿರಿದಿದ್ದರೆ ಮೊದಲು ಅದನ್ನು ಬದಲಾಯಿಸಬೇಕು.

ಇನ್ನು ಶೂವಿನ ಪ್ರಶ್ನೆ. ಶೂವಿನ ಅಡಿ, ಎಂಜಿನ್ ಕೋಣೆಯ ಸ್ಪಂಜು ಎರಡೂ ಹೆಚ್ಚಾಗಿ ಪಾಲಿಯುರಿಥೇನ್. ಇದರ ಒಂದು ಜಾತಿಯಲ್ಲಿ ಉದ್ದದ ಅಣುಸರಪಳಿಗಳಲ್ಲಿ ಎಸ್ಟರ್ ಬಂಧಗಳು ಇರುತ್ತವೆ. ಆಮ್ಲ ಮತ್ತು ಆಲ್ಕೊಹಾಲ್ ಸೇರಿ ಎಸ್ಟರ್ ಆಗುವಾಗ ನೀರು ಹೊರಬರುತ್ತದೆ ಎಂದು ಹತ್ತನೆಯಲ್ಲಿ ಕಲಿಯುತ್ತೀರಿ. ಅದೇ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಗಾಳಿಯ ತೇವ ಎಸ್ಟರ್ ಬಂಧವನ್ನು ಕತ್ತರಿಸುತ್ತದೆ. ಇದು ಜಲವಿಶ್ಲೇಷಣೆ. ಕತ್ತರಿಸಿದಾಗ ಬಿಡುಗಡೆಯಾದ ಆಮ್ಲವೇ ಮುಂದಿನ ಬಂಧ ಕತ್ತರಿಸಲು ನೆರವಾಗುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಪುಡಿ. ನಮ್ಮ ಕಾಸರಗೋಡಿನ ಮಳೆಗಾಲ ಶೂವಿಗೆ ಮಾಡುವುದನ್ನು ಎಂಜಿನ್ ಕೋಣೆಯಲ್ಲಿ ತೇವ, ಬಿಸಿ, ಎಣ್ಣೆಯ ಹಬೆ ಸೇರಿ ಮಾಡುತ್ತವೆ.

ಉದುರಿದರೆ ಉದುರಲಿ, ಸದ್ದು ಸ್ವಲ್ಪ ಹೆಚ್ಚಾದರೆ ಏನಾಯಿತು ಎನ್ನಬಹುದು. ಬೇರೆ ಕಾರಿನಲ್ಲಾದರೆ ಸರಿ. ಇಲ್ಲಿ ಗಾಳಿಯೇ ಎಂಜಿನ್ನಿನ ನೀರು. ಚೂರುಗಳನ್ನು ಫ್ಯಾನು ಎಳೆದುಕೊಂಡು ಸಿಲಿಂಡರಿನ ರೆಕ್ಕೆಗಳ ನಡುವೆ ತುರುಕುತ್ತದೆ. ಅಲ್ಲಿ ಗಾಳಿ ಹೋಗದೆ ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಎಣ್ಣೆ ಕುಡಿದ ಸ್ಪಂಜು ಬಿಸಿ ಎಂಜಿನ್ನಿನ ಪಕ್ಕದಲ್ಲಿ ಜೋತುಬಿದ್ದಿದ್ದರೆ ಅದು ದೀಪದ ಬತ್ತಿಯೇ ಸರಿ.

ನನಗೆ ಆ ರಾತ್ರಿ ನಿದ್ದೆ ಕೆಡಿಸಿದ್ದು ಇದೇ. ಸೋಫಾದ ಸ್ಪಂಜು ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿದರೆ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಜೊತೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಇರುತ್ತದೆ. ಕಾರಿನ ಒಳಗೆ, ಸೀಟು ಹೊದಿಕೆಗಳಿಗೇ ಅಮೆರಿಕದಲ್ಲಿ ಒಂದು ನಿಯಮವಿದೆ: ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದು. ಎಂಜಿನ್ ಪಕ್ಕದಲ್ಲಿ ಇಡುವುದಕ್ಕೆ ಅಷ್ಟೂ ಸಾಲದು, ಬೆಂಕಿ ತಾಗಿದರೂ ತಾನಾಗಿ ಆರಿಹೋಗುವ ಸ್ಪಂಜೇ ಬೇಕು. ಬೆಳಗ್ಗೆ ಐದೂವರೆಗೆ ಫೋನ್ ಮಾಡಿದೆ. ಅಲ್ಲಿ ನಾಲ್ಕು ಗಂಟೆ. "ಆ ಸ್ಪಂಜು ಅಂಟಿಸ್ಬೇಡ ಮಾರಾಯ, ನಾನು ಹೇಳಿದ್ದು ತಪ್ಪು" ಎಂದೆ. ಅವನು ನಿದ್ದೆಗಣ್ಣಿನಲ್ಲೇ ನಕ್ಕ. "ಇನ್ನೂ ಹಳೇದು ತೆಗ್ದೇ ಆಗ್ಲಿಲ್ಲ ಸರ್."

ಆಮೇಲೆ ಅವನು ಮಾಡಿದ ಕೆಲಸ ಇಷ್ಟು. ಬೇರೊಂದು ರಿಪೇರಿಗಾಗಿ ಎಂಜಿನ್ ಇಳಿಸಿಯೇ ಇತ್ತು, ಇಲ್ಲದಿದ್ದರೆ ಕೈ ಹೋಗುವ ಜಾಗವೇ ಅಲ್ಲ. ಬ್ಯಾಟರಿಯ ವಯರು ಕಳಚಿ, ಮಾಸ್ಕ್ ಹಾಕಿಕೊಂಡು, ಮೊದಲು ಹಳೆಯ ಪ್ಯಾಡಿನ ಆಕಾರವನ್ನು ನ್ಯೂಸ್ ಪೇಪರಿನ ಮೇಲೆ ಗೀಚಿಕೊಂಡ. ಪುಡಿಯಾದ ಮೇಲೆ ಅಳತೆ ಸಿಗುವುದಿಲ್ಲವಲ್ಲ. ಹಳೆಯ ಗಮ್ಮನ್ನು ಕಬ್ಬಿಣದಿಂದ ಕೆರೆಯದೆ ಪ್ಲಾಸ್ಟಿಕ್ ತುಂಡಿನಿಂದ ಕೆರೆದ, ಪೈಂಟು ಎದ್ದರೆ ತುಕ್ಕು ಶುರು. ಎರಡು ದಿನ ಅದಕ್ಕೇ ಹೋಯಿತು. ಸಿಲಿಂಡರಿನ ರೆಕ್ಕೆಗಳ ನಡುವಿನಿಂದ ಒಂದು ಹಿಡಿ ಕಪ್ಪು ಚೂರು ತೆಗೆದು ಅದರ ಫೋಟೊ ಕೂಡ ಕಳಿಸಿದ. ಹಾಕಿದ್ದು ಆ ಕಾರಿಗೆಂದೇ ಕತ್ತರಿಸಿ ಬರುವ, ಬೆಂಕಿ ತಡೆಯುವ ಪ್ಯಾಡು. ಒಳಗೆ ಭಾರದ ಹಾಳೆ, ಮೇಲೆ ಎಣ್ಣೆ ಇಳಿಯದ ತೆಳು ಪದರ. ಈ ಪದರ ದಪ್ಪವಿರಬಾರದು. ಅದು ತೆಳ್ಳಗಿದ್ದು ತಾನೂ ಅಲುಗಾಡಿದರೆ ಮಾತ್ರ ಸದ್ದು ಸ್ಪಂಜಿನ ಒಳಗೆ ಹೋದೀತು. ಗಮ್ಮಿನ ಹಬೆಗೂ ಬೆಂಕಿ ಹತ್ತುವುದರಿಂದ ಬಾಗಿಲು ತೆರೆದಿಟ್ಟು ಅಂಟಿಸಿ, ಒಣಗುವ ತನಕ ಕಾಯ್ದ.

ಕಾರಿನವರು ಓಡಿಸಿ ನೋಡಿ ಏನು ಹೇಳಿದರು ಎಂದು ಕೇಳಿದೆ. "ಕಿರಿಕಿರಿ ಹೋಯ್ತು ಸರ್, ಗುಡುಗು ಸ್ವಲ್ಪ ಇದೆ. ಅದು ಇರ್ಲಿ ಅಂತ ಹೇಳಿದ್ರು."

ನೀವು ಮಾಡಿ ನೋಡಲು: ಒಂದು ಮೊಬೈಲಿನಲ್ಲಿ ಆವೃತ್ತಿ ಬದಲಾಯಿಸಿ ಸ್ವರ ನುಡಿಸುವ ಆ್ಯಪ್ ಹಾಕಿ, ಅದನ್ನು ಸ್ಟೀಲ್ ಡಬ್ಬಿಯೊಳಗಿಡಿ. 500 ಮತ್ತು 4000 ಹರ್ಟ್ಸ್ ಎರಡನ್ನೂ ಕೇಳಿಸಿ. ಮೊದಲು ಡಬ್ಬಿಯ ಒಳಗೆ ಪಾತ್ರೆ ತೊಳೆಯುವ ಸ್ಪಂಜು ಇಟ್ಟು ಬಾಯಿ ತೆರೆದಿಡಿ, ಆಮೇಲೆ ಸ್ಪಂಜು ತೆಗೆದು ಬಿಗಿಯಾಗಿ ಮುಚ್ಚಿ, ಕೊನೆಗೆ ಮುಚ್ಚಳವನ್ನು ಬೆರಳು ಹೋಗುವಷ್ಟು ಸರಿಸಿ. ಪ್ರತಿ ಸಲವೂ ಯಾವ ಸ್ವರ ಹೆಚ್ಚು ಕಡಿಮೆಯಾಯಿತು ಎಂದು ಬರೆಯಿರಿ. ಸ್ಪಂಜಿಗೆ ಬೆಂಕಿ ಹಚ್ಚಿ ನೋಡುವ ಪ್ರಯೋಗ ಮಾತ್ರ ಯಾರೂ ಮಾಡಬಾರದು.

ಒಂದು ಲೆಕ್ಕ: ಎಂಜಿನ್ ತಣಿಸುವ ಫ್ಯಾನಿಗೆ 11 ಎಲೆಗಳು. ಅದು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಎಲೆಗಳು ಗಾಳಿಯನ್ನು ಸೆಕೆಂಡಿಗೆ ಎಷ್ಟು ಸಲ ಹೊಡೆಯುತ್ತವೆ? ಆ ಸ್ವರದ ತರಂಗದೂರ ಎಷ್ಟು? ಎರಡೂವರೆ ಸೆಂಟಿಮೀಟರ್ ಸ್ಪಂಜು ಅದಕ್ಕೆ ಸಾಕೇ? ಉತ್ತರವನ್ನು ಕಾರಣ ಸಮೇತ ಬರೆದು ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ.